ಮೂರ್ಛೆಯಲ್ಲದ ಮೂರ್ಛೆ



ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ‘ಫಿಟ್ಸ್’ ಎಂಬ ಶಬ್ದಕ್ಕೆ ಇಂದು ಅನುವಾದದ ಅವಶ್ಯಕತೆ ಇಲ್ಲ. ಶಾಲೆಯ ಮುಖವನ್ನೇ ಕಾಣದ ಮುದುಕಿಯೂ ಅದನ್ನು ಬಲ್ಲಳು. ತೊಗರಿಯ ಹೊಲದಲ್ಲಿ ಕೆಲಸ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಕುಸಿದು ಕೈಕಾಲು ಬಡಿದರೆ ಅದು ಫಿಟ್ಸ್. ಉಪವಾಸವಿದ್ದ ಹುಡುಗಿ ಜಾತ್ರೆಯ ನೂಕುನುಗ್ಗಲಿನಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದರೆ ಅದೂ ಫಿಟ್ಸ್. ಬಹುಕಾಲದ ಕುಡಿತವನ್ನು ಥಟ್ಟನೆ ಬಿಟ್ಟವನು ಎರಡನೆಯ ದಿನ ಸೆಟೆದುಕೊಂಡರೆ ಅದೂ ಫಿಟ್ಸ್. ಒಂದೇ ಮಾತಿನ ಚೀಲದಲ್ಲಿ ನಾವು ಹಲವು ಬೇನೆಗಳನ್ನು ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ. ಅವುಗಳಲ್ಲಿ ಒಂದನ್ನು ಮಾತ್ರ ಹೊರತೆಗೆದು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ನೋಡುವವರ ಕಣ್ಣಿಗೆ ಅದು ಅಪಸ್ಮಾರದಂತೆಯೇ ಕಾಣುತ್ತದೆ, ಆದರೆ ಅಪಸ್ಮಾರವಲ್ಲ. ವೈದ್ಯರು ಅದನ್ನು ಮನೋಜನ್ಯ ಸೆಳವು ಎನ್ನುತ್ತಾರೆ.

ಅಪಸ್ಮಾರ ಮಿದುಳಿನ ವ್ಯಾಧಿ. ಮಿದುಳಿನ ನರಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ತಮ್ಮತಮ್ಮಲ್ಲಿ ವ್ಯವಹರಿಸುತ್ತವೆ. ಅವುಗಳ ಒಂದು ಸಮೂಹ ಕಟ್ಟು ಮೀರಿ ಒಮ್ಮೆಗೇ ಸಿಡಿದಾಗ ಮೈ ಸೆಟೆಯುತ್ತದೆ, ನಡುಗುತ್ತದೆ, ಅರಿವು ತಪ್ಪುತ್ತದೆ. ಮನೋಜನ್ಯ ಸೆಳವಿನಲ್ಲಿ ಈ ಸಿಡಿತ ಇರುವುದಿಲ್ಲ. ಮೈ ನಡುಗುತ್ತಿರುವ ಆ ಕ್ಷಣದಲ್ಲಿಯೇ ಮಿದುಳಿನ ವಿದ್ಯುಲ್ಲೇಖವನ್ನು, ಅಂದರೆ ಇ.ಇ.ಜಿ.ಯನ್ನು ತೆಗೆದರೂ ಅಪಸ್ಮಾರದ ಗೆರೆಗಳು ಕಾಣವು. ಅಲ್ಲಿ ಆಗಿರುವುದು ಬೇರೆ: ತಾಳಲಾರದ ಒತ್ತಡಕ್ಕೆ ಸಿಕ್ಕ ಮನಸ್ಸು ದೇಹದೊಡನೆ ತನಗಿರುವ ಕೊಂಡಿಯನ್ನು ಕೆಲಕಾಲ ಕಳಚಿಕೊಂಡಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೊ ಎಂಬ ವೈದ್ಯ ಇದನ್ನು ‘ಹಿಸ್ಟೀರಿಯಾ’ದ ಒಂದು ಬಗೆಯೆಂದು ವಿಸ್ತಾರವಾಗಿ ವರ್ಣಿಸಿದ. ಮುಂದೆ ಇದಕ್ಕೆ ‘ಹುಸಿ ಸೆಳವು’ ಎಂಬ ಹೆಸರೂ ಬಂದು, ರೋಗಿಯನ್ನು ಅವಮಾನಿಸುವ ಮಾತೆಂದು ಈಗ ಹಿಂದೆ ಸರಿದಿದೆ. ನಮ್ಮ ಪ್ರಾಚೀನ ವೈದ್ಯರಿಗೂ ಈ ಭೇದದ ಸುಳಿವು ಇದ್ದಂತೆ ತೋರುತ್ತದೆ. ಆಯುರ್ವೇದದಲ್ಲಿ ಅಪಸ್ಮಾರದ ಜೊತೆಗೆ ‘ಅಪತಂತ್ರಕ’ವೆಂಬ ಇನ್ನೊಂದು ವ್ಯಾಧಿಯ ವರ್ಣನೆ ಉಂಟು, ಹಿಸ್ಟೀರಿಯಾವನ್ನು ನಂತರದವರು ಅದಕ್ಕೇ ಹೋಲಿಸಿದರು. ಹೋಲಿಕೆ ಎಷ್ಟು ಸರಿಯೆಂಬ ಚರ್ಚೆ ಪಂಡಿತರಿಗಿರಲಿ.

ಹಾಗಾದರೆ ಇದು ನಾಟಕವೆ? ಈ ಪ್ರಶ್ನೆಯನ್ನು ಮನೆಯವರು ಕೇಳುತ್ತಾರೆ. ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಖೇದದ ಸಂಗತಿಯೆಂದರೆ ಆಸ್ಪತ್ರೆಯ ವಾರ್ಡಿನಲ್ಲಿಯೂ ಈ ಮಾತು ಕೇಳಿಬರುತ್ತದೆ. ಅದಕ್ಕೆ ಉತ್ತರ ಸ್ಪಷ್ಟವಾಗಿದೆ: ನಾಟಕವಲ್ಲ. ನಾಟಕವಾಡುವವನಿಗೆ ತಾನು ಆಡುತ್ತಿದ್ದೇನೆಂಬ ಅರಿವಿರುತ್ತದೆ, ಬೇಕೆಂದಾಗ ನಿಲ್ಲಿಸಬಲ್ಲ. ಈ ರೋಗಿಗೆ ಅದು ಸಾಧ್ಯವಿಲ್ಲ. ದುಃಖದ ಸುದ್ದಿ ಕೇಳಿದಾಗ ಕಣ್ಣೀರು ತಾನಾಗಿ ಹರಿಯುತ್ತದೆ. ಭಯವಾದಾಗ ಅಂಗೈ ತಣ್ಣಗಾಗಿ ಬೆವರುತ್ತದೆ. ಆ ಕಣ್ಣೀರನ್ನು, ಆ ಬೆವರನ್ನು ನಾವು ಸುಳ್ಳೆನ್ನುತ್ತೇವೆಯೆ? ಮನಸ್ಸಿನಲ್ಲಿ ಹುಟ್ಟಿದ್ದು ಮೈಯಲ್ಲಿ ಕಾಣಿಸಿಕೊಳ್ಳುವ ಈ ಸಾಮಾನ್ಯ ನಿಯಮವೇ ಇಲ್ಲಿ ಅಸಾಮಾನ್ಯ ರೂಪವನ್ನು ತಾಳಿದೆ, ಅಷ್ಟೆ.

ಸೆಳವೆಂದರೆ ಅಪಸ್ಮಾರವೆಂಬ ಎಣಿಕೆ ನಮ್ಮಲ್ಲಿ ಬಲವಾಗಿರುವುದಕ್ಕೆ ಕಾರಣವೂ ಇದೆ. ನಿಮ್ಹಾನ್ಸ್ ಸಂಸ್ಥೆಯ ನರರೋಗ ತಜ್ಞೆ ಡಾ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ಹಾಗೂ ಅದರ ಸುತ್ತಣ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರ ಜನರಿಗೆ ಸುಮಾರು 9 ಮಂದಿ ಅಪಸ್ಮಾರ ಪೀಡಿತರಿದ್ದರು. ಹಳ್ಳಿಗಳಲ್ಲಿ ಈ ಪ್ರಮಾಣ ಸುಮಾರು 12, ನಗರದಲ್ಲಿ ಸುಮಾರು 6. ಹಳ್ಳಿಗೆ ಹೆಚ್ಚು ಬೇನೆ, ನಗರಕ್ಕೆ ಹೆಚ್ಚು ವೈದ್ಯರು! ಮನೋಜನ್ಯ ಸೆಳವು ಇಷ್ಟು ವ್ಯಾಪಕವಲ್ಲ. ಆದರೆ ಮಾತ್ರೆಗಳಿಗೆ ಬಗ್ಗದ ಮೂರ್ಛೆಯೆಂದು ದೊಡ್ಡ ಕೇಂದ್ರಗಳಿಗೆ ಬರುವವರನ್ನು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಗಾದರೂ ಇರುವುದು ಇದೇ ಎಂಬುದು ಹಲವು ದೇಶಗಳ ಅನುಭವ. ಮೊದಲ ಸೆಳವಿನಿಂದ ಸರಿಯಾದ ನಿದಾನದವರೆಗೆ ಸರಾಸರಿ ಏಳು ವರ್ಷಗಳು ಕಳೆದಿರುತ್ತವೆ ಎಂದು ಜರ್ಮನಿಯಲ್ಲಿ ಲೆಕ್ಕ ಹಾಕಿದ್ದಾರೆ. ಸಕಲ ಸೌಕರ್ಯಗಳಿರುವ ದೇಶದ ಮಾತು ಇದು.

ಈ ಏಳು ವರ್ಷಗಳು ನಮ್ಮ ಕಡೆ ಹೇಗೆ ಕಳೆಯುತ್ತವೆ? ಕೃಷ್ಣೆಯ ದಂಡೆಯ ಒಂದು ಹಳ್ಳಿಯ ಸೊಸೆಯನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತಮೂರು ವಯಸ್ಸು. ಗಂಡ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಒಂದು ಸಂಜೆ ಬಿದ್ದಳು. ಅರ್ಧ ಗಂಟೆ ಕೈಕಾಲು ಆಡಿದವು. ಮೊದಲು ಗಾಳಿ ಬಡಿದಿದೆಯೆಂದು ತಾಯತ ಕಟ್ಟಿಸಿದರು. ಆಮೇಲೆ ಸುರಪುರದ ಆಸ್ಪತ್ರೆ. ಅಲ್ಲಿಂದ ಶಹಾಪುರ, ಯಾದಗಿರಿ. ಕೊನೆಗೆ ಬಸ್ಸು ಹಿಡಿದು ಕಲಬುರಗಿ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾದವು. ಸೆಳವು ನಿಲ್ಲಲಿಲ್ಲ, ತೂಕಡಿಕೆ ಮಾತ್ರ ಹೆಚ್ಚಿತು. ತುರ್ತು ವಿಭಾಗಗಳಲ್ಲಿ ಸೆಳವು ನಿಲ್ಲಲೆಂದು ಮೇಲಿಂದ ಮೇಲೆ ನರಕ್ಕೆ ಚುಚ್ಚುಮದ್ದು ಕೊಟ್ಟಾಗ ಉಸಿರೇ ಕುಗ್ಗುವ ಅಪಾಯವುಂಟು. ಹಾಗೆ ಕುಗ್ಗಿ ಕೃತಕ ಉಸಿರಾಟದ ಯಂತ್ರಕ್ಕೆ ಹೋದವರಿದ್ದಾರೆ. ಅಪಸ್ಮಾರಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಎಂಬ ಔಷಧವನ್ನು ಗರ್ಭಿಣಿ ಸೇವಿಸಿದರೆ ಹುಟ್ಟುವ ಮಗುವಿಗೆ ಅಂಗವೈಕಲ್ಯ, ಬುದ್ಧಿಮಾಂದ್ಯಗಳ ಸಂಭವ ಹೆಚ್ಚುತ್ತದೆ. ನಿಜವಾದ ಅಪಸ್ಮಾರವಿದ್ದಲ್ಲಿ ಲಾಭ ನಷ್ಟಗಳನ್ನು ತೂಗಿ ನೋಡಿ ಔಷಧ ಕೊಡಬೇಕಾಗುತ್ತದೆ. ಇಲ್ಲದ ರೋಗಕ್ಕಾಗಿ ಈ ನಷ್ಟವನ್ನು ಹೊರಿಸುವುದು ಯಾವ ನ್ಯಾಯ? ಇನ್ನು ಊರಿನ ಬಾಯಿ. ಹಿಂದೂ ವಿವಾಹ ಕಾಯ್ದೆಯಲ್ಲಿ ವಿವಾಹಕ್ಕೆ ಅಡ್ಡಿಯೆಂದು ಎಣಿಸಿದ್ದ ಅಪಸ್ಮಾರವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದರು. ಹಳ್ಳಿಯ ಕಟ್ಟೆಯ ಮೇಲೆ ಆ ತಿದ್ದುಪಡಿ ಇನ್ನೂ ಆಗಿಲ್ಲ.

ಇನ್ನು ಗುರುತಿಸುವ ಬಗೆ. ಇದು ಈ ಭಾಷಣದ ಮುಖ್ಯ ಭಾಗವಾದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಕಣ್ಣುಗಳನ್ನು ನೋಡಬೇಕು. ಅಪಸ್ಮಾರದ ದೊಡ್ಡ ಸೆಳವಿನಲ್ಲಿ ಕಣ್ಣುಗಳು ತೆರೆದಿರುತ್ತವೆ. ನೋಟ ಶೂನ್ಯವಾಗಿರುತ್ತದೆ ಇಲ್ಲವೆ ಗುಡ್ಡೆಗಳು ಮೇಲಕ್ಕೋ ಒಂದು ಬದಿಗೋ ತಿರುಗಿರುತ್ತವೆ. ಮನೋಜನ್ಯ ಸೆಳವಿನಲ್ಲಿ ಬಹುಮಟ್ಟಿಗೆ ಕಣ್ಣು ಮುಚ್ಚಿರುತ್ತದೆ. ಮೆಲ್ಲನೆ ರೆಪ್ಪೆ ಎತ್ತಲು ಹೋದರೆ ಅದು ಇನ್ನಷ್ಟು ಬಿಗಿಯುವುದೂ ಉಂಟು. ಇದೊಂದು ಬಹು ಉಪಯುಕ್ತವಾದ ಗುರುತು. ಆದರೆ ಮನೆಯವರನ್ನು ಕೇಳಿದರೆ ‘ಕಣ್ಣು ಯಾರು ನೋಡ್ಯಾರ್ರೀ ಸಾಹೇಬ್ರ, ಆಗ ನಮಗೇ ಜೀವ ಇರಲಿಲ್ಲ’ ಎನ್ನುತ್ತಾರೆ. ಅವರ ಮಾತೂ ನಿಜವೇ.

ಎರಡನೆಯದು ಕಾಲ. ಅಪಸ್ಮಾರದ ದೊಡ್ಡ ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ನೋಡುವವರಿಗೆ ಅದು ಯುಗವಾಗಿ ತೋರುವುದರಿಂದ ಅಂದಾಜನ್ನು ನಂಬುವಂತಿಲ್ಲ, ಗಡಿಯಾರವನ್ನೇ ನೋಡಬೇಕು. ಮನೋಜನ್ಯ ಸೆಳವು ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೆಲವೊಮ್ಮೆ ಗಂಟೆಯವರೆಗೂ ಎಳೆಯುತ್ತದೆ. ಅದೂ ಒಂದೇ ಸಮನಾಗಿ ಅಲ್ಲ. ಮಳೆ ಬಂದು ನಿಂತು ಮತ್ತೆ ಬಂದಂತೆ, ಏರುತ್ತದೆ, ಇಳಿಯುತ್ತದೆ, ನಿಂತಿತೆನ್ನುವಷ್ಟರಲ್ಲಿ ಮರಳಿ ಶುರುವಾಗುತ್ತದೆ. ಅಪಸ್ಮಾರಕ್ಕೆ ಅದರದೇ ಒಂದು ಕ್ರಮವಿದೆ: ಆರಂಭದಲ್ಲಿ ಒಮ್ಮೆ ವಿಕಾರವಾದ ಕೂಗು, ಮೈ ಕೊರಡಿನಂತೆ ಸೆಟೆಯುವುದು, ಆಮೇಲೆ ಎರಡೂ ಬದಿಯ ಕೈಕಾಲುಗಳ ಜೊತೆಜೊತೆಯ ಹೊಡೆತ, ಆ ಹೊಡೆತಗಳ ನಡುವಣ ಅಂತರ ಹೆಚ್ಚುತ್ತಾ ಹೋಗಿ ಕೊನೆಗೆ ನಿಲುಗಡೆ. ಮನೋಜನ್ಯ ಸೆಳವಿನಲ್ಲಿ ಎಡಗೈ ಒಂದು ತಾಳಕ್ಕೆ, ಬಲಗಾಲು ಇನ್ನೊಂದು ತಾಳಕ್ಕೆ ಆಡುತ್ತಿರುತ್ತವೆ. ತಲೆ ಅತ್ತಿಂದಿತ್ತ, ‘ಇಲ್ಲ ಇಲ್ಲ’ ಎನ್ನುವಂತೆ ಹೊರಳಾಡುತ್ತದೆ. ನಡುವೆ ಬಿಕ್ಕಿ ಅಳುವುದು ಕೇಳಿಸಬಹುದು. ಸೆಳವಿನ ಮಧ್ಯೆ ಬರುವ ಈ ಅಳು ತಜ್ಞರು ಗಮನವಿಟ್ಟು ಕೇಳುವ ಚಿಹ್ನೆ.

ಮೂರನೆಯದು ಆನಂತರದ ಸ್ಥಿತಿ. ಅಪಸ್ಮಾರದ ಸೆಳವು ಮುಗಿದ ಮೇಲೆ ಗೊರಗೊರನೆ ಸದ್ದಿನ ಆಳವಾದ ಉಸಿರು, ಗೊಂದಲ, ತಲೆನೋವು, ಗಾಢನಿದ್ರೆ. ಆಗ ನಡೆದುದರ ನೆನಪು ಇರುವುದಿಲ್ಲ. ಮನೋಜನ್ಯ ಸೆಳವಿನವರು ಕೆಲವರು ಬೇಗ ಎಚ್ಚರಗೊಂಡು, ಪಕ್ಕದಲ್ಲಿದ್ದವರು ಆಡಿದ ಮಾತುಗಳನ್ನು ಹೇಳಬಲ್ಲರು. ‘ಕೇಳಿಸುತ್ತಿತ್ತು, ಆದರೆ ಉತ್ತರ ಕೊಡಲು ಆಗುತ್ತಿರಲಿಲ್ಲ’ ಎನ್ನುವವರುಂಟು. ಈ ಮಾತನ್ನೇ ಹಿಡಿದು ‘ನೋಡಿದಿರಾ, ಎಲ್ಲ ಗೊತ್ತಿತ್ತು’ ಎಂದು ಮನೆಯವರು ಗದರಿಸುತ್ತಾರೆ. ಕೇಳಿಸುವುದೇ ಬೇರೆ, ಮೈ ಕೈವಶವಾಗಿರುವುದೇ ಬೇರೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಎಲ್ಲ ಮನೋಜನ್ಯ ಸೆಳವುಗಳಲ್ಲಿಯೂ ನಡುಕ ಇರಬೇಕೆಂದಿಲ್ಲ. ಕೆಲವರು ಸತ್ತಂತೆ ಬಿದ್ದುಬಿಡುತ್ತಾರೆ. ಕರೆದರೆ ಓಗೊಡುವುದಿಲ್ಲ, ಚಿವುಟಿದರೆ ಅಲುಗುವುದಿಲ್ಲ. ರಕ್ತದೊತ್ತಡ ಕುಸಿದು ತಲೆ ಸುತ್ತಿ ಬಿದ್ದವರು ನೆಲಕ್ಕೆ ಒರಗಿದ ಮೇಲೆ ಒಂದು ನಿಮಿಷದೊಳಗೇ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ನಾಡಿ, ಉಸಿರು, ರಕ್ತದ ಸಕ್ಕರೆ ಎಲ್ಲ ಸರಿಯಿದ್ದೂ ಕಣ್ಣು ಮುಚ್ಚಿ ಅರ್ಧ ಗಂಟೆ ಬಿದ್ದಿದ್ದರೆ ವೈದ್ಯರು ಮನೋಜನ್ಯ ಕಾರಣವನ್ನು ಆಲೋಚಿಸಬೇಕು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಅಷ್ಟೇ ಒತ್ತಿ ಹೇಳಬೇಕು. ಯಾವುದೇ ಒಂದು ಚಿಹ್ನೆಯನ್ನು ನೆಚ್ಚಿ ತೀರ್ಪು ಕೊಡಲಾಗದು. ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲಿಯೂ ಇದೆ. ಬಿದ್ದು ಗಾಯವಾಗುವುದು ಎರಡರಲ್ಲಿಯೂ ಇದೆ. ‘ಪೆಟ್ಟಾಗದಂತೆ ಬೀಳುತ್ತಾರೆ’ ಎಂಬ ಹಳೆಯ ಮಾತನ್ನು ಕೈಬಿಡುವುದು ಲೇಸು. ನಾಲಗೆಯ ಅಂಚು ಕಚ್ಚಿ ಹರಿದಿದ್ದರೆ ಅಪಸ್ಮಾರದ ಕಡೆ ವಾಲಬೇಕು, ತುದಿ ಕಚ್ಚಿದ್ದರೆ ಅದರಿಂದ ಏನೂ ತಿಳಿಯದು. ಮಿದುಳಿನ ಮುಂಭಾಗದಲ್ಲಿ ಹುಟ್ಟುವ ಅಪಸ್ಮಾರ ಎಷ್ಟು ವಿಚಿತ್ರವಾಗಿರುತ್ತದೆಂದರೆ, ಕಾಲು ತುಳಿದಾಡುವ, ಕೂಗಾಡುವ ಆ ರೋಗಿಯನ್ನು ನೋಡಿದ ಅನುಭವಿಗಳೂ ಮೋಸಹೋಗುತ್ತಾರೆ. ಅಂಥವು ಸಾಮಾನ್ಯವಾಗಿ ನಿದ್ದೆಯಿಂದ ಏಳುತ್ತವೆ, ಗಳಿಗೆಯಲ್ಲಿ ಮುಗಿಯುತ್ತವೆ, ಪ್ರತಿಸಲವೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇರುತ್ತವೆ. ನಮ್ಮ ರಾಜ್ಯದ್ದೇ ಇನ್ನೊಂದು ನಿದರ್ಶನವಿದೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ, ವಿಶೇಷವಾಗಿ ಮೈಸೂರು ಮಂಡ್ಯಗಳ ಕಡೆ ಹೆಚ್ಚು. ಕೇಳಿದರೆ ಕಟ್ಟುಕಥೆಯೆನಿಸಬೇಕು! ಆದರೆ ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮೊದಲಾದವರು ಅದನ್ನು ಅಭ್ಯಸಿಸಿ ಅದು ಅಪ್ಪಟ ಅಪಸ್ಮಾರವೆಂದು ತೋರಿಸಿಕೊಟ್ಟರು. ವಿಚಿತ್ರವಾಗಿರುವುದೆಲ್ಲ ಮನಸ್ಸಿನದಲ್ಲ.

ಇದಕ್ಕಿಂತ ಮುಖ್ಯವಾದದ್ದು, ಎರಡು ರೋಗಗಳೂ ಒಬ್ಬರಲ್ಲಿಯೇ ಇರಬಹುದು. ಮನೋಜನ್ಯ ಸೆಳವುಳ್ಳ ಐದಾರು ಜನರಲ್ಲಿ ಒಬ್ಬರಿಗೆ ಅಪಸ್ಮಾರವೂ ಇರುತ್ತದೆಂದು ತಿಳಿದುಬಂದಿದೆ. ಆದುದರಿಂದ ‘ಇದು ಮನಸ್ಸಿನದು’ ಎಂದು ಕೇಳಿದೊಡನೆ ಮನೆಯವರೇ ಮಾತ್ರೆಗಳನ್ನು ಕಿತ್ತೆಸೆಯತಕ್ಕದ್ದಲ್ಲ. ಥಟ್ಟನೆ ನಿಲ್ಲಿಸಿದರೆ ನಿಜವಾದ ಸೆಳವು ಎರಗಿ ಪ್ರಾಣಕ್ಕೆ ಕುತ್ತಾದೀತು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ನಮ್ಮ ಜಿಲ್ಲೆಯಲ್ಲಿ ವೈದ್ಯರು ನೆನಪಿಡಬೇಕಾದ ಸಂಗತಿಗಳು ಇನ್ನೂ ಕೆಲವು ಇವೆ. ಹತ್ತಿಯ ಹೊಲಕ್ಕೆ ಕೀಟನಾಶಕ ಹೊಡೆದು ಬಂದವನಿಗೆ ಬರುವ ಸೆಳವು ವಿಷದ ಸೆಳವು. ಬಸುರಿಗೆ ಅಥವಾ ಬಾಣಂತಿಗೆ ಬಂದರೆ ಮೊದಲು ರಕ್ತದೊತ್ತಡ ನೋಡಬೇಕು. ಅದು ನಂಜು ಏರಿದ ಸ್ಥಿತಿ ಆಗಿರಬಹುದು. ಓಡುವಾಗ, ಭಾರ ಹೊರುವಾಗ ಬೀಳುವವರ ಹೃದಯವನ್ನು ಪರೀಕ್ಷಿಸಬೇಕು. ಇವೆಲ್ಲವನ್ನೂ ದಾಟಿದ ಮೇಲೆಯೇ ಮನಸ್ಸಿನ ಬಾಗಿಲನ್ನು ತಟ್ಟತಕ್ಕದ್ದು.

ಪರೀಕ್ಷೆಗಳ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯುಂಟು. ಸೆಳವಿಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ತೆಗೆದ ಇ.ಇ.ಜಿ. ಸರಿಯಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲವೆಂದಾಗದು. ಅದರಲ್ಲಿ ಅಲ್ಪಸ್ವಲ್ಪ ಏರುಪೇರು ಕಂಡ ಮಾತ್ರಕ್ಕೆ ಅಪಸ್ಮಾರವೆಂದೂ ಆಗದು. ಹಲವರ ಕೊರಳಿಗೆ ಅಪಸ್ಮಾರದ ಹಣೆಪಟ್ಟಿ ಬಿದ್ದಿರುವುದು ಇಂಥ ಕಾಗದದ ಮೇಲಿನ ಗೆರೆಗಳಿಂದಲೇ. ಖಚಿತವಾದ ಪರೀಕ್ಷೆಯೆಂದರೆ ರೋಗಿಯನ್ನು ಕ್ಯಾಮರಾದ ಮುಂದಿರಿಸಿ ಸೆಳವು ಬರುವ ತನಕ ಇ.ಇ.ಜಿ.ಯನ್ನೂ ಚಿತ್ರವನ್ನೂ ಏಕಕಾಲಕ್ಕೆ ದಾಖಲಿಸುವುದು. ಅದಕ್ಕೆ ದೊಡ್ಡ ಕೇಂದ್ರಗಳಿಗೆ ಹೋಗಬೇಕು. ಕೂಲಿ ಬಿಟ್ಟು ಹೋಗುವವರು ಎಷ್ಟು ಮಂದಿ? ಆದರೆ 2013ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ನಿರೋಧ ಸಂಘದ ತಜ್ಞರು ನಿದಾನಕ್ಕೆ ಮೆಟ್ಟಿಲುಗಳನ್ನು ಹಾಕಿಕೊಟ್ಟಿದ್ದಾರೆ. ಕಂಡವರ ವಿವರಣೆಯೊಂದೇ ಇದ್ದರೆ ‘ಸಾಧ್ಯ’, ವೈದ್ಯರು ಸೆಳವನ್ನು ಚಿತ್ರದಲ್ಲಿಯೋ ಕಣ್ಣಾರೆಯೋ ನೋಡಿದ್ದರೆ ‘ಸಂಭವನೀಯ’, ಚಿತ್ರವೂ ಇ.ಇ.ಜಿ.ಯೂ ಕೂಡಿದರೆ ‘ನಿಶ್ಚಿತ’. ಈಗ ಕುರಿ ಕಾಯುವವನ ಅಂಗಿಯ ಜೇಬಿನಲ್ಲಿಯೂ ಚಿತ್ರ ಹಿಡಿಯುವ ಮೊಬೈಲು ಇದೆ. ಮೊದಲ ಎರಡು ಮೆಟ್ಟಿಲುಗಳನ್ನು ಸುರಪುರದಲ್ಲಿಯೇ ಏರಬಹುದೆಂಬುದು ನನ್ನ ಎಣಿಕೆ.

ಸೆಳವು ಬಂದಾಗ ಏನು ಮಾಡಬೇಕು? ಅದು ಯಾವ ಬಗೆಯೆಂದು ತೀರ್ಮಾನಿಸುವ ಹೊಣೆ ಮನೆಯವರದಲ್ಲ. ಯಾವುದೇ ಇರಲಿ, ಒಲೆ, ಬಾವಿ, ಕಲ್ಲುಗಳಿಂದ ದೂರ ಸರಿಸಿ, ಮಗ್ಗುಲಾಗಿ ಮಲಗಿಸಿ, ಕೊರಳ ಬಳಿ ಬಟ್ಟೆ ಸಡಿಲಿಸಿ ಕಾಯಬೇಕು. ಬಾಯಿಗೆ ಚಮಚ ತುರುಕಬಾರದು, ನೀರು ಹಾಕಬಾರದು. ಮೊದಲ ಸಲ ಬಂದದ್ದಾದರೆ, ಐದು ನಿಮಿಷ ಮೀರಿದರೆ, ಬಸುರಿಗೆ ಬಂದರೆ ಆಸ್ಪತ್ರೆಗೆ ಒಯ್ಯಲೇಬೇಕು. ಕೈಗೆ ಬೀಗದ ಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ನಿಷ್ಪ್ರಯೋಜಕ. ಮೆಣಸಿನಕಾಯಿಯ ಹೊಗೆ ಹಾಕುವುದು, ಬರೆ ಎಳೆಯುವುದು, ಬಾರುಕೋಲಿನಿಂದ ಹೊಡೆಯುವುದು ಮಾತ್ರ ನಿಷ್ಪ್ರಯೋಜಕವಷ್ಟೇ ಅಲ್ಲ, ಕ್ರೌರ್ಯ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಂತೆ ಅಪರಾಧ. ಎಚ್ಚರವಿದೆಯೋ ಇಲ್ಲವೋ ನೋಡುತ್ತೇನೆಂದು ಎದೆಮೂಳೆಯನ್ನು ಬೆರಳಗಂಟಿನಿಂದ ಮತ್ತೆ ಮತ್ತೆ ಅರೆಯುವ ಬಿಳಿಯ ಕೋಟಿನವರಿಗೂ ಈ ಮಾತಿನ ಒಂದಂಶ ಸಲ್ಲಬೇಕು.

ದೇವರು ಮೈಮೇಲೆ ಬರುವುದನ್ನು ಇದರೊಡನೆ ಬೆರೆಸಬಾರದು. ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿಯೋ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿಯೋ ಒಬ್ಬರಿಗೆ ಆವೇಶ ಬಂದು, ಡೊಳ್ಳು ನಿಂತಾಗ ಅದೂ ಇಳಿದು, ಅವರು ಮರುದಿನ ಎಂದಿನಂತೆ ಹೊಲಕ್ಕೆ ಹೋದರೆ ಅದು ರೋಗವಲ್ಲ. ಜನದ ನಂಬಿಕೆಯೊಳಗೆ ಅದಕ್ಕೊಂದು ಸ್ಥಾನವಿದೆ. ಕರೆಯದೆ ಬಂದು, ಕೆಲಸ ಕೆಡಿಸಿ, ಮನುಷ್ಯನನ್ನು ಕಂಗೆಡಿಸುವುದು ಬೇನೆ.

ಈ ಬೇನೆಯ ಬೇರು ಎಲ್ಲಿದೆ? ಹೆಂಗಸರಲ್ಲಿ ಇದು ಹೆಚ್ಚು, ನಾಲ್ವರಲ್ಲಿ ಮೂವರು ಅವರೇ, ಗಂಡಸರಿಗೆ ಬರುವುದಿಲ್ಲವೆಂದಲ್ಲ. ಸಾಲ ಮೈಮೇಲಿದ್ದ ರೈತ, ಅಪಘಾತವನ್ನು ಕಂಡು ಬಂದ ಲಾರಿ ಚಾಲಕ, ಪರೀಕ್ಷೆಯ ಭಯದ ತರುಣ, ಯಾರಿಗೂ ಬರಬಹುದು. ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ಬಾಯಿಬಿಟ್ಟು ಹೇಳಲಾಗದ ದೌರ್ಜನ್ಯ, ಸಾವಿನ ಶೋಕ, ಹೊಂದಿಕೆಯಿಲ್ಲದ ಮನೆ ಅನೇಕರ ಹಿಂದಿರುತ್ತವೆ. ಆದರೆ ಎಲ್ಲರ ಹಿಂದೆಯೂ ಇಂಥದೊಂದು ಗುಟ್ಟು ಇರಲೇಬೇಕೆಂದು ಕೆದಕುವುದು ತಪ್ಪು. ಅತ್ತೆ, ಗಂಡ, ಮೈದುನರನ್ನು ಎದುರಿಗೆ ನಿಲ್ಲಿಸಿಕೊಂಡು ‘ಏನವ್ವಾ, ಮನೆಯಲ್ಲಿ ಏನಾದರೂ ತೊಂದರೆ ಇದೆಯೆ?’ ಎಂದು ಕೇಳಿದರೆ ಯಾವ ಸೊಸೆ ಉತ್ತರ ಕೊಟ್ಟಾಳು? ಒಬ್ಬಳನ್ನೇ ಕೂರಿಸಿ, ಬಾಗಿಲು ಮುಂದೆ ಮಾಡಿ, ಅವಸರವಿಲ್ಲದೆ ಕೇಳಬೇಕು. ಹೊರಗೆ ಐವತ್ತು ರೋಗಿಗಳ ಸಾಲು ನಿಂತಿರುವಾಗ ಇದು ಸುಲಭವಲ್ಲವೆಂಬುದನ್ನು ನಾನು ಬಲ್ಲೆ.

ರೋಗದ ಹೆಸರನ್ನು ತಿಳಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ‘ನಿನಗೇನೂ ಆಗಿಲ್ಲ, ಹೋಗು’ ಎನ್ನುವುದು ಅತ್ಯಂತ ಕೆಟ್ಟ ಮಾತು. ಏನೋ ಆಗಿರುವುದರಿಂದಲೇ ಅವಳು ಅಷ್ಟು ದೂರ ಬಂದಿದ್ದಾಳೆ. ನಿನ್ನ ಸೆಳವು ನಿಜವಾದದ್ದು, ನೀನು ಬೇಕೆಂದು ಮಾಡುತ್ತಿಲ್ಲ, ಇದು ಮಿದುಳಿನ ವಿದ್ಯುತ್ತಿನ ರೋಗವಲ್ಲ, ಮಾತ್ರೆ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಇದಕ್ಕೆ ಬೇರೆ ಚಿಕಿತ್ಸೆಯಿದೆ: ಇಷ್ಟನ್ನು ಅವಳ ನುಡಿಯಲ್ಲಿ, ಮನೆಯವರಿಗೂ ಕೇಳುವಂತೆ ಹೇಳಿದರೆ ಕೆಲವರಲ್ಲಿ ಸೆಳವು ಅಲ್ಲಿಗೇ ಇಳಿಮುಖವಾಗುತ್ತದೆ. ಉಳಿದವರಿಗೆ ಮನೋಚಿಕಿತ್ಸೆ ಬೇಕು. ಸೆಳವಿಗೆ ಮುನ್ನ ಎದೆ ಡವಗುಟ್ಟುವುದು, ಬೆರಳು ಜುಮ್ಮೆನ್ನುವುದು, ಉಸಿರು ಸಿಕ್ಕಿಕೊಂಡಂತಾಗುವುದು ಮುಂತಾದ ಮುನ್ಸೂಚನೆಗಳನ್ನು ರೋಗಿ ಗುರುತಿಸಲು ಕಲಿಯುತ್ತಾಳೆ. ಆಗ ಉಸಿರನ್ನು ನಿಧಾನಿಸುವುದು, ಕಾಲನ್ನು ನೆಲಕ್ಕೆ ಊರಿ ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು ಮೊದಲಾದ ಉಪಾಯಗಳನ್ನು ಅಭ್ಯಾಸ ಮಾಡಿಸುತ್ತಾರೆ. ಇದು ಮಂತ್ರದಂಡವಲ್ಲ. ಬ್ರಿಟನ್ನಿನಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ಒಂದು ವರ್ಷದ ಕೊನೆಗೆ ಸೆಳವಿನ ಸಂಖ್ಯೆಯಲ್ಲಿ ಖಚಿತವೆನ್ನುವ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗಳ ದಿನನಿತ್ಯದ ಬಾಳು, ಮನಸ್ಸಿನ ನೆಮ್ಮದಿ ಸುಧಾರಿಸಿದ್ದವು. ಖಿನ್ನತೆ, ಆತಂಕಗಳು ಜೊತೆಗಿದ್ದರೆ ಅವಕ್ಕೆ ಔಷಧ ಕೊಡಬೇಕು.

ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನಿಂದ ಜಿಲ್ಲಾ ಆಸ್ಪತ್ರೆ ಬೆಳೆದಿದೆ, ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದೊಂದು ಇದೆಯೆಂದು ಹಲವರಿಗೆ ತಿಳಿದೇ ಇಲ್ಲ. ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿನಲ್ಲಿ ಅವರು ಬರುವ ವೇಳೆಯನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಿಕೊಳ್ಳಬೇಕು. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆ ನಡೆಯುತ್ತಿದೆ, ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.

ಆಸ್ಪತ್ರೆಗೆ ಹೋಗುವಾಗ ಸೆಳವನ್ನು ಕಣ್ಣಾರೆ ಕಂಡವರೇ ಜೊತೆಗೆ ಹೋಗಬೇಕು. ದೂರದಿಂದ ಕೇಳಿ ಬಂದ ಅಣ್ಣತಮ್ಮಂದಿರಲ್ಲ. ಹಳೆಯ ಚೀಟಿಗಳನ್ನೆಲ್ಲ, ಖಾಲಿಯಾದ ಮಾತ್ರೆಯ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮುಂದಿನ ಸಲ ಸೆಳವು ಬಂದಾಗ ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ಹಿಡಿಯಲಿ: ಮೊದಲಿನಿಂದ ಕೊನೆಯವರೆಗೆ, ಮುಖವೂ ಮೈಯೂ ಕಾಣುವಂತೆ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯುವಷ್ಟು ಹತ್ತಿರದಿಂದ. ಎಚ್ಚರವಾದ ಮೇಲೆ ಅವಳಿಗೆ ಹೇಳಿ, ಅವಳ ಒಪ್ಪಿಗೆ ಪಡೆದು ವೈದ್ಯರಿಗೆ ತೋರಿಸಿ. ಬೇರೆ ಯಾರಿಗೂ ಅದನ್ನು ಕಳಿಸಬೇಡಿ.